ನಲವತ್ತು ಕಳೆ

ಈ ಕಾರಿಗೆ ನಾನು ಎರಡನೆಯ ಯಜಮಾನ.
ಜಪಾನಿನಲ್ಲಿ ಯಾರದೋ ಮನೆಯ ಮುಂದೆ ಹನ್ನೊಂದು ವರ್ಷ ನಿಂತು
ಹಡಗು ಹತ್ತಿ, ರೈಲು ಹತ್ತಿ, ಉಲಿಯಾಸ್ತಾಯಿಗೆ ಬಂದದ್ದು.
ಗುಂಡಿ ಒತ್ತಿದೊಡನೆ ಈಗಲೂ ಹೆಂಗಸಿನ ದನಿಯಲ್ಲಿ
ಏನೋ ಹೇಳುತ್ತದೆ, ಬಹಳ ವಿನಯದಿಂದ.
ನಮಸ್ಕಾರವೋ, ಎಚ್ಚರಿಕೆಯೋ,
ಆರು ವರ್ಷವಾಯಿತು, ನಾನು ಯಾರನ್ನೂ ಕೇಳಿಲ್ಲ.

ಅಕ್ಕನ ಮಗ ತುಗುಲ್ದುರ್ ಒಂದು ದಿನ
ಸ್ಟೀರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟರದ್ದೊಂದನ್ನು ಸಿಕ್ಕಿಸಿ
ನನ್ನ ಫೋನಿಗೂ ಅದಕ್ಕೂ ಗಂಟು ಹಾಕಿದ.
"ಕಂಪನಿಯವರು ತೋರಿಸುವುದು ನಾಲ್ಕು ದೀಪ, ಮಾಮ.
ಒಳಗೆ ಕಾರು ನೂರು ಮಾತಾಡುತ್ತಿರುತ್ತದೆ.
ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಿರಬೇಕು, ಅಷ್ಟೆ."
ವಿಳಾಸ ಬರೆದ. ಸೂತ್ರ ಬರೆದ.
ಹೆಸರು ನೀವೇ ಇಡಿ ಎಂದ.

ಬ್ಯಾಟರಿಯ ಹದಿನಾಲ್ಕು ಕೋಣೆಗೆ
ಹದಿನಾಲ್ಕು ಹಸಿರು ಕಡ್ಡಿ, ಏಳುತ್ತ ಇಳಿಯುತ್ತ.
ಆರನೆಯದು ಯಾವಾಗಲೂ ಹಿಂದೆ.
ಮಂದೆಯ ನಡುವೆ ಬೆಳೆದವನಿಗೆ ಹೇಳಿಕೊಡಬೇಕೆ?
ಕುಂಟಿ ಅಂತ ಹೆಸರಿಟ್ಟೆ.
ಏರಿನಲ್ಲಿ ಒಂದು ಕಣ್ಣು ರಸ್ತೆಗೆ, ಒಂದು ಕುಂಟಿಗೆ.

ಹೊರಗಾಳಿಯ ಲೆಕ್ಕ ಬೇರೆ.
ಆ ಸೆನ್ಸರಿಗೆ ಮೈನಸ್ ಎಂಬುದೇ ಗೊತ್ತಿಲ್ಲ,
ಸೊನ್ನೆಯಿಂದ ಮೇಲಕ್ಕೆ ಮಾತ್ರ ಎಣಿಸುತ್ತದೆ.
ಬಂದ ಸಂಖ್ಯೆಯಲ್ಲಿ ನಲವತ್ತು ಕಳೆ. ಸೂತ್ರ ಇಷ್ಟೇ.
ಅರವತ್ತು ಬಂದರೆ ಇಪ್ಪತ್ತು, ಬೇಸಿಗೆ.
ಇಪ್ಪತ್ತು ಬಂದರೆ, ಮೂತ್ರಕ್ಕೆ ಇಳಿದವನು ಬೇಗ ಹತ್ತಬೇಕು.
ಸೊನ್ನೆ ಬಂದರೆ?
"ಸೊನ್ನೆ ಬರುವುದಿಲ್ಲ, ಮಾಮ."
ರಾಜಧಾನಿಯಲ್ಲಿ ಓದುವ ಹುಡುಗ.

ಜನವರಿ. ಜಗಸ್ತಾಯ್ ಘಾಟಿ. ರಾತ್ರಿ.
ಹಿಂದಿನ ಸೀಟಿನಲ್ಲಿ ದುಲ್ಮಾ ಅಜ್ಜಿ,
ತೊಸೊಂತ್ಸೆಂಗೆಲಿಗೆ, ಮಗಳ ಬಾಣಂತನಕ್ಕೆ.
ಡಿಕ್ಕಿಯಲ್ಲಿ ಗೋಣಿಚೀಲದೊಳಗೆ ಕೊಯ್ದ ಕುರಿ, ಕಲ್ಲಾಗಿ.
ಎದುರಿಂದ ಒಂದು ಗಾಡಿಯೂ ಬರಲಿಲ್ಲ.
ಚಳಿಗೆ ಮೊದಲು ಸತ್ತದ್ದು ಫೋನು,
ಮೂವತ್ತೊಂದು ಪರ್ಸೆಂಟು ಇದ್ದದ್ದು ಹಾಗೇ ಕಣ್ಮುಚ್ಚಿತು.
ಅಜ್ಜಿ ಇಸಕೊಂಡು ನಿಲುವಂಗಿಯ ಎದೆಯೊಳಗೆ ಇಟ್ಟಳು,
ಹಿಮದಲ್ಲಿ ಹುಟ್ಟಿದ ಮರಿಯನ್ನು ಇಡುವ ಹಾಗೆ.
ಹತ್ತು ಕಿಲೋಮೀಟರು ಸುಮ್ಮನೆ ಕೂತು
ಆಮೇಲೆ ತೆಗೆದು, ಜಪಮಣಿ ಎಣಿಸುವ ದನಿಯಲ್ಲಿ
ನನಗೆ ಓದಿ ಹೇಳತೊಡಗಿದಳು:
"ಕುಂಟಿ ಹದಿನಾಲ್ಕು ಪಾಯಿಂಟು ಒಂಬತ್ತು.
ಕುಂಟಿ ಹದಿನಾಲ್ಕು ಪಾಯಿಂಟು ಎರಡು.
ಗಾಳಿ ಮೈನಸ್ ನಲವತ್ತು.
ಗಾಳಿ ಮೈನಸ್ ನಲವತ್ತು.
ನಲವತ್ತು."

ಅಲುಗಲೇ ಇಲ್ಲ. ಅಂದರೆ ಒಳಗಿಂದ ಬರುತ್ತಿರುವುದು ಸೊನ್ನೆ.
ತಂತಿ ತುಂಡಾದರೂ ಸೊನ್ನೆಯೇ ಬರುವುದು.
ನಿಜಕ್ಕೂ ನಲವತ್ತಾದರೂ ಸೊನ್ನೆಯೇ.
ಐವತ್ತಾದರೂ, ಅದರ ಕೆಳಗೆ ಅದಕ್ಕೆ ಮೆಟ್ಟಿಲಿಲ್ಲ.
ಮೂಗನ ಮೌನ, ಮಾತು ಮೀರಿದವನ ಮೌನ,
ಸೂತ್ರಕ್ಕೆ ಎರಡೂ ಒಂದೇ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ.
"ನಿಲ್ಲಿಸು," ಅಂದಳು.
ಓವೂವಿನ ಕಲ್ಲುಗುಪ್ಪೆಯ ಹತ್ತಿರ ನಿಲ್ಲಿಸಿದೆ, ಎಂಜಿನ್ ಆರಿಸದೆ.
ಗಾಜನ್ನು ಒಂದು ಗೇಣು ಇಳಿಸಿ
ಬಾಯ್ತುಂಬ ಉಸಿರು ಹೊರಗೆ ಬಿಟ್ಟು, ಕಿವಿಗೊಟ್ಟಳು.
ನುಣ್ಣನೆ ಮರಳು ಸುರಿದಂಥ ಸದ್ದು, ನನಗೂ ಕೇಳಿಸಿತು:
ಅವಳದೇ ಉಸಿರು, ಹೆಪ್ಪುಗಟ್ಟಿ ಉದುರುತ್ತಿದ್ದದ್ದು.
"ನಲವತ್ತೇಳು," ಅಂದಳು ಗಾಜು ಏರಿಸುತ್ತ.
"ನಡಿ. ನಿಂತರೆ ನಿನ್ನ ಕುಂಟಿ ಮಲಗಿಬಿಡುತ್ತಾಳೆ."
ಮೂರು ಸುತ್ತು ಬರುವ ಬದಲು
ಮೂರು ಸಲ ಹಾರನ್ ಒತ್ತಿ ಇಳಿದೆವು.
ಬಾಡಿಗೆಗೆ ಚಿಲ್ಲರೆ ಇರಲಿಲ್ಲ, ಕುರಿಯ ಒಂದು ತೊಡೆ ಕೊಟ್ಟಳು.

ಈಗ ಜೂನ್.
ನಾಲ್ಕೂ ಕಿಟಕಿ ತೆರೆದು ಅದೇ ಘಾಟಿ ಹತ್ತುತ್ತೇನೆ.
ಡ್ಯಾಶ್‌ಬೋರ್ಡಿನ ಮೇಲೊಂದು ಮಿಡತೆ.
ಫೋನಿನಲ್ಲಿ ಗಾಳಿ ಮೈನಸ್ ನಲವತ್ತು.
ಬಂಪರಿನ ಹಿಂದೆ ತಂತಿಯನ್ನು ಇಲಿ ಕಡಿದಿದೆ,
ಆ ರಾತ್ರಿಗೆ ಮೊದಲೋ, ಆಮೇಲೋ.
ಹತ್ತು ನಿಮಿಷದ ಕೆಲಸ, ಬೆಸೆದು ಕೊಡುತ್ತೇನೆ ಎನ್ನುತ್ತಾನೆ ತುಗುಲ್ದುರ್.
ಇರಲಿ ಬಿಡು ಅನ್ನುತ್ತೇನೆ.
ಬಂದದ್ದರಲ್ಲೆಲ್ಲ ನಲವತ್ತು ಕಳೆಯುತ್ತ ಬಂದ ಕಾರಿಗೆ
ಆ ಒಂದು ರಾತ್ರಿ ಇನ್ನೂ ಕಳೆದಿಲ್ಲ.
ಕುಂಟಿ, ಹದಿನೈದು ಪಾಯಿಂಟು ಎಂಟು.