ಎರವಲು ಕೊಳವೆ

ಮೊದಲು ಕಂಡದ್ದು ಟೌ ಕ್ಸಿಯಾಂಗನ ಹಸಿರು ಸಿವಿಕ್ಕಿನಡಿ.
ಬಲಮಗ್ಗುಲಲ್ಲಿ ಬೊಗಸೆಯಷ್ಟು ತಗ್ಗು,
ಅದರ ಪಕ್ಕ ಯಾರದೋ ಬಾಗಿಲಿಗೆ ಬಳಿಯುವಾಗ ಸಿಡಿದ
ನೀಲಿ ಬಣ್ಣದ ಒಂದು ಚುಕ್ಕೆ.
ಕಂಪನಿಯಿಂದ ಬಂದ ಹಾಗೇ ಇದ್ದ ಹೊಗೆ ಕೊಳವೆ,
ಹೊಟ್ಟೆಯೊಳಗೆ ವಿಷ ಸೋಸುವ ಜೇನುಗೂಡು,
ಮುದ್ರೆ, ನಂಬರು, ಎಲ್ಲ ಸರಿ.
ಬೋಲ್ಟು ಮಾತ್ರ ಹೊಸದು.
ನಿನ್ನೆ ರಾತ್ರಿ ಬಿಗಿದದ್ದೆಂದು ಹೊಳಪೇ ಚಾಡಿ ಹೇಳುತ್ತಿತ್ತು.

ನಾನು ಕೇಳಲಿಲ್ಲ. ಕೇಳುವುದು ನನ್ನ ಕೆಲಸವಲ್ಲ.
ಫ್ರೆಸ್ನೊದ ಈ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ
ಹಳೇ ಕಾರುಗಳನ್ನು ಉರುಳೆ ಹತ್ತಿಸಿ,
ಬಾಲಕ್ಕೆ ನಳಿಗೆ ಸಿಕ್ಕಿಸಿ, ನಿಂತಲ್ಲೇ ಓಡಿಸಿ
(ಹದಿನೈದು ಮೈಲಿ ವೇಗ, ಆಮೇಲೆ ಇಪ್ಪತ್ತೈದು)
ಅವುಗಳ ಉಸಿರು ಅಳೆಯುತ್ತೇನೆ.
ಡಾಕ್ಟರ ಹಾಗೆ, ಅನ್ನುತ್ತಾಳೆ ನನ್ನ ಹೆಂಡತಿ ಅರ್ಪಿನೆ.
ಡಾಕ್ಟರಾದರೆ ಮನೆಯಲ್ಲಿ ಏನು ತಿಂತೀಯಪ್ಪ ಅಂತ ಕೇಳಬಹುದು.
ನನಗೆ ಅಷ್ಟೂ ಹಕ್ಕಿಲ್ಲ.
ಪಾಸು, ಅಂದೆ.

ಮಾರ್ಚಿಯಲ್ಲಿ ಮಾರಿಸೆಲಾ ಓಚೋವಾಳ ಬಿಳಿ ಕಾರು ಬಂತು.
ಕೆಳಗೆ ಬಗ್ಗಿ ಟಾರ್ಚು ಬಿಟ್ಟೆ:
ಅದೇ ತಗ್ಗು, ಅದೇ ಚುಕ್ಕೆ.
ಜೂನಿನಲ್ಲಿ ಸರದಾರ ಹರ್ಕೀರತನದು. ಅದೇ.
ಮದುವೆಮನೆಗೆ ಎರವಲು ತಂದ ಅಡ್ಡಿಕೆಯ ಹಾಗೆ
ಬೀಗರು ನೋಡುವಷ್ಟು ಹೊತ್ತು ಒಬ್ಬಳ ಕೊರಳು,
ಸಂಜೆಗೆ ಮತ್ತೊಬ್ಬಳ ಪೆಟ್ಟಿಗೆ.
ಏಳು ಕಾರಿಗೆ ಒಂದೇ ಮರ್ಯಾದೆ.

ಆಮೇಲೆ ತಿಳಿಯಿತು: ಅದು ಇರುವುದು
ಟೌನ ಚಿಕ್ಕಮ್ಮನ ಹೊಲಿಗೆ ಮೇಜಿನಡಿ,
ಟವೆಲಿನಲ್ಲಿ ಸುತ್ತಿ, ಬಾಣಂತಿ ಕೂಸಿನ ಹಾಗೆ.
ದಿನಕ್ಕೆ ನಲವತ್ತು ಡಾಲರು. ಬೋಲ್ಟು ನಿಮ್ಮದೇ.

ಪೂರ್ವಕ್ಕೆ ಹಿಮದ ಬೆಟ್ಟಗಳಿವೆಯೆಂದು
ಇಲ್ಲಿ ಮಕ್ಕಳಿಗೆ ಹೇಳಿ ನಂಬಿಸಬೇಕು,
ವರ್ಷದಲ್ಲಿ ಅಷ್ಟು ದಿನ ಅವು ಕಾಣುವುದಿಲ್ಲ.
ರಾತ್ರಿ ಹತ್ತರ ಮೇಲೆ ಸೀಡರ್ ಬೀದಿಯಲ್ಲಿ
ನಾನೇ ಪಾಸು ಮಾಡಿದ ಕಾರುಗಳು
ತಮ್ಮ ತಮ್ಮ ಸ್ವಂತ ಕೊಳವೆ ತೊಟ್ಟು ಹೊರಡುತ್ತವೆ,
ತಗಡಿನ ಡಬ್ಬಿಯಲ್ಲಿ ಕೂಡಿಟ್ಟ ದುಂಬಿಗಳು.
ಮಗಳು ತಾಲೀನ್ ಮಂಚದಂಚಿಗೆ ಕೂತು,
ಕೈಯಲ್ಲಿ ಇನ್ಹೇಲರು, ಭುಜ ಕಿವಿಯವರೆಗೆ ಏರಿ,
ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ಹೇಳುತ್ತಾಳೆ:
ಅದು ಮಾರಿಸೆಲಾ.
ಇದು... ಟೌ.
ಒಂದು ಸಲವೂ ತಪ್ಪಿಲ್ಲ.

ಈ ನವೆಂಬರಿನಲ್ಲಿ, ದಟ್ಟ ಮಂಜಿನ ಒಂದು ಬೆಳಿಗ್ಗೆ,
ಹೊಸಬ ಹುಡುಗ, ಎಲಿಯುಡ್ ಅಂತ ಹೆಸರು,
ಬೂದುಬಣ್ಣದ ಕಾರು ತಂದ. ಬಗ್ಗಿದೆ.
ಬಾ ಮಾರಾಯ, ಅಂದೆ ಚುಕ್ಕೆಗೆ, ಮನಸ್ಸಿನಲ್ಲೇ.
ಉರುಳೆ ತಿರುಗಿದ್ದೇ ತಡ
ಕೊಳವೆಯೊಳಗೆ ಒಣ ಸೋರೆಬುರುಡೆಯ ಗಲಗಲ.
ಯಾರೋ ಬೀಳಿಸಿದ್ದಾರೆ; ಜೇನುಗೂಡು ಚೂರು ಚೂರು.
ಊರವರ ಪರವಾಗಿ ಸಾಕ್ಷಿ ಹೇಳಿ ಹೇಳಿ
ಕೊನೆಗೆ ಅದರ ಗಂಟಲೇ ಹೋಯಿತು.
ಮೂರು ಅಂಕಿ, ಮೂರೂ ಮಿತಿಯಾಚೆ.

ಫೇಲು, ಅಂದೆ.
ಹುಡುಗ ಕಾಗದ ನೋಡಿದ, ನನ್ನನ್ನು ನೋಡಿದ.
ಸರ್, ಇದು ನನ್ನದಲ್ಲ.
ಆ ಕೊಳವೆಯ ಬಗ್ಗೆ ಈ ಶೆಡ್ಡಿನಲ್ಲಿ
ಯಾರಾದರೂ ಆಡಿದ ಮೊದಲ ನಿಜ.
ಗೊತ್ತು, ಅಂದೆ. ನಿನ್ನದೆಲ್ಲಿ?
ಹಿಂದಿನ ಬಾಗಿಲು ತೆಗೆದ.
ಹಾಲಿನ ಕ್ಯಾನಿನಷ್ಟು ಬಾಯಿ, ಕನ್ನಡಿಯಂತೆ ಉಜ್ಜಿದ ಮೈ,
ಸೀಟಿನ ಮೇಲೆ ಬೆಲ್ಟು ಕಟ್ಟಿಕೊಂಡು ಕೂತಿತ್ತು.
ನಗು ತಡೆಯಲು ನಾನು ಪೆನ್ನು ಹುಡುಕಿದೆ.

ಅಂದು ರಾತ್ರಿ ಹತ್ತೂವರೆಗೆ
ಮಂಜನ್ನು ಹರಿಯುತ್ತ ಬಂತೊಂದು ಸದ್ದು.
ತಾಲೀನ್ ತಲೆ ಓರೆ ಮಾಡಿದಳು. ಯಾರಿದು?
ಗೊತ್ತಿಲ್ಲ, ಅಂದು ಕಿಟಕಿ ಮುಚ್ಚಿದೆ.
ದೀಪ ಆರಿಸಿ ಬಾಗಿಲು ದಾಟುವಾಗ ಕೇಳಿಸಿತು:
ಅವಳು ಎದ್ದು ಅದನ್ನು
ಒಂದು ಬೆರಳಿನಷ್ಟು ತೆರೆದಳು.