ಗೂಡುಚೀಟಿ ೦.೪-೨

ಶಿಡ್ಲಘಟ್ಟದ ಗೂಡು ಮಾರುಕಟ್ಟೆ ಮುಗಿದ ಮಧ್ಯಾಹ್ನ
ಬೇಯುವ ಗೂಡಿನ ವಾಸನೆ ತುಂಬಿದ ಗಲ್ಲಿಯಲ್ಲಿ
ಕೂತು ಪೊಟ್ಟಣ ಕಟ್ಟುತ್ತೇನೆ.

ಬೆಲ್ಲದ್ದಲ್ಲ, ಕಡಲೆಯದ್ದಲ್ಲ.
ಲಾಟಿನ ನಂಬರು, ತೂಕ, ದರ, ಒಟ್ಟು, ಹೆಸರು,
ಇಷ್ಟನ್ನು ಅಚ್ಚು ಹಾಕಿ ಕೊಡುವ
ಇನ್ನೂರು ಸಾಲಿನ ಪುಟ್ಟ ಪ್ರೋಗ್ರಾಮು.
ಬರೆಯಲು ಹಿಡಿದದ್ದು ನಾಲ್ಕು ರಾತ್ರಿ.
ಕಟ್ಟಲು, ಇದು ಎರಡನೇ ವರ್ಷ.

ಯಾಕೆಂದರೆ ಮನೆಗಳು ಮೂರು.
ಅಮೀರ್‌ಜಾನ್ ಸಾಬರ ಫಿಲೇಚರಿನಲ್ಲಿ ಡೆಬಿಯನ್.
ಮೇಲೂರು ರಸ್ತೆಯ ಮುನಿನಂಜಪ್ಪನವರಲ್ಲಿ
ಅಳಿಯ ಹಾಕಿಕೊಟ್ಟ ಫೆಡೋರಾ.
ಲಗುಮಕ್ಕನ ಮೇಜಿನ ಮೇಲೆ
ಯಾವುದೋ ಶಾಲೆ ಹರಾಜಿಗಿಟ್ಟ ಪೆಟ್ಟಿಗೆ,
ಒಳಗೆ ಹನ್ನೆರಡು ವರ್ಷದ ಉಬುಂಟು,
ಹಬೆ ಕುಡಿದು ಕುಡಿದು ಹಳದಿಯಾದ ಕೀಲಿಮಣೆ.

ಒಂದೇ ಸಾಮಾನಿಗೆ ಅಲ್ಲಿ ಡೆವ್ ಅನ್ನುತ್ತಾರೆ, ಇಲ್ಲಿ ಡೆವೆಲ್.
ಅದರಲ್ಲಿ ನನಗೇನೂ ಅಚ್ಚರಿಯಿಲ್ಲ.
ನಮ್ಮ ಬೀದಿಯ ಬದನೆಕಾಯಿ
ಮೂರು ಬಾಗಿಲು ದಾಟುವಷ್ಟರಲ್ಲಿ
ವಂಕಾಯ ಆಗಿ, ಬೈಂಗನ್ ಆಗಿ
ಕೊನೆಗೆ ಎಲ್ಲ ಒಲೆಯ ಮೇಲೂ ಎಣ್ಣೆಗಾಯಿಯೇ.

ನಿಯಮಗಳಿವೆ. ಓದಿದ್ದೇನೆ, ಮೂರೂ ಮನೆಯವು.
ನನ್ನ ನಾನಿ ಹೇಳುತ್ತಿದ್ದದ್ದೇ, ಉದ್ದ ಮಾಡಿ ಬರೆದಿದ್ದಾರೆ:
ಹೋದ ಮನೆಯಲ್ಲಿ ಸಿಕ್ಕಲ್ಲಿ ಚಪ್ಪಲಿ ಬಿಡಬೇಡ,
ಬಿಡುವ ಜಾಗ ಬೇರೆಯೇ ಇದೆ.
ಅವರು ಕೈಯಾರೆ ತಿದ್ದಿಟ್ಟದ್ದನ್ನು ಅಳಿಸಬೇಡ.
ಏನು ಬೇಕೋ ಹೊಸಿಲಲ್ಲೇ ಹೇಳು.
ಹೊರಡುವಾಗ ಒಂದು ಕೂದಲೂ ಬಿಡದೆ ಹೊರಡು.
ಮತ್ತೆ, ಮೂರೂ ಕಡೆ ಒತ್ತಿ ಒತ್ತಿ ಹೇಳುವುದು,
ಉಪ್ಪು ಕಟ್ಟಿಕೊಂಡು ಹೋಗಬೇಡ,
ಅವರ ಮನೆಯಲ್ಲೂ ಉಪ್ಪಿರುತ್ತದೆ.

ಇರುತ್ತದೆ.
ಯಾವ ಕಾಲದ್ದು?

ಮೊಹರಂ ಕಳೆದ ವಾರ ಹೊಸದನ್ನು ಹಾಕಿಕೊಟ್ಟೆ.
ಲಗುಮಕ್ಕನ ಪ್ರಿಂಟರು ಕಿರಿಕಿರಿ ಅಂದು ಚೀಟಿ ಉಗುಳಿತು.
ತೂಕ ಸರಿ. ದರ ಸರಿ.
ಒಟ್ಟು ಮಾತ್ರ ಒಟ್‌ಟು ಆಗಿತ್ತು.
ಕೆಳಗೆ ಹೆಸರು: ಲಗುಮಕ್‌ಕ.
ಒತ್ತು ಕಳಚಿಕೊಂಡು ಪಕ್ಕದಲ್ಲಿ ಕೂತಿತ್ತು,
ಹೆಚ್. ಕ್ರಾಸ್ ಬಸ್ಸಿನಲ್ಲಿ
ಗುರುತಿಲ್ಲದವರು ಕೂತ ಹಾಗೆ.

ಅಕ್ಷರ ಜೋಡಿಸುವ ಲೈಬ್ರರಿ ಅಲ್ಲಿ ತೀರಾ ಹಳೆಯದು.
ಒಂದು ರಾತ್ರಿ ನಿಯಮ ಮುರಿದೆ.
ನನ್ನದೇ ಲೈಬ್ರರಿ ಒಳಗೆ ತುರುಕಿದೆ,
ಅದಕ್ಕೆ ಬೇಕಾದದ್ದು, ಅದಕ್ಕೂ ಬೇಕಾದದ್ದು,
ಬೆಂದ ಗೂಡಿನ ತುದಿ ಹಿಡಿದು ಎಳೆದ ಹಾಗೆ
ಬಂದೇ ಬಂದವು.
ಇನ್ನೂರು ಸಾಲಿಗೆ ತೊಂಬತ್ತು ಎಂಬಿ.
ಒತ್ತು ಕೂತಿತು.
ಒಂದೊಂದು ಚೀಟಿಗೆ ಅರ್ಧ ಅರ್ಧ ನಿಮಿಷ.
ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ.
ಆದರೆ ಆ ಲೈಬ್ರರಿಯಲ್ಲೊಂದು ತೂತು ಕಂಡಿತಂತೆ,
ಡೆಬಿಯನ್ನಿನವರು ಮುಚ್ಚಿದರು, ಫೆಡೋರಾದವರು ಮುಚ್ಚಿದರು,
ನಾನು ಹೊತ್ತು ತಂದಿಟ್ಟದ್ದು ಮಾತ್ರ
ಲಗುಮಕ್ಕನ ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡೇ ಇತ್ತು.

ಬಿಚ್ಚಿದೆ.
ಹೊಸಿಲ ಸಾಲಿನಲ್ಲಿ ಬರೆದೆ:
ಇಂಥ ಆವೃತ್ತಿಗಿಂತ ಹಳೆಯದಿದ್ದರೆ ಒಳಗೆ ಬರಲಾರೆ.
ಆ ಮುದಿ ಪೆಟ್ಟಿಗೆ ಓದಿ ನೋಡಿ
ಬೇಡವೆಂದಿತು,
ಒಂದು ಕಡತವನ್ನೂ ಮುಟ್ಟದೆ, ಮರ್ಯಾದೆಯಿಂದ.

ಹೇಳಲು ಹೋದಾಗ ಲಗುಮಕ್ಕ ಬೇಸಿನ್ ಮುಂದೆ,
ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತ.
ಸಾಬರಲ್ಲಿ ಆಗ್ತದೆ ಅಕ್ಕಾ, ನಿಮ್ಮಲ್ಲಿ ಆಗಲ್ಲ, ಅಂದೆ.
ತಪ್ಪು ಯಾರದ್ದೆಂದು ಅವಳು ಕೇಳಲಿಲ್ಲ.
"ಈ ಸುಗ್ಗಿ ಕಳೀಲಿ, ಬೇರೇದು ನೋಡಾನ.
ಅಲ್ಲೀಗಂಟ, ನನ್ನೆಸ್ರು ಮುರ್ದು ಬರೆಯೋದ್ಕಿಂತ
ಬರೀದೇ ಇರೋದೇ ವಾಸಿ ಬಿಡಮ್ಮಾ."

ಸೆರಗಿಗೆ ಕೈ ಒರೆಸಿ
ಮುರಿದ ಚೀಟಿಯ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆದು ತೋರಿಸಿದಳು.
ಲ. ಗು. ಮ.
ಆಮೇಲೆ ಒಂದು ಕ, ಅದರ ಹೊಟ್ಟೆಗೆ ಅಂಟಿಕೊಂಡ ಮರಿ ಕ.
ಒದ್ದೆ ಬೆರಳಿಗೆ ಶಾಯಿ ಸ್ವಲ್ಪ ಹರಡಿತು.

ರಾತ್ರಿ ಬದಲಾವಣೆಯ ಪಟ್ಟಿಗೆ ಸಾಲು ಸೇರಿಸಿದೆ.
ಚಿಕ್ಕದಾಗಿರಬೇಕು, ಕಾರಣವಿರಬೇಕು,
ಹೊಣೆ ಹೊತ್ತವರ ಹೆಸರಿರಬೇಕು:

೦.೪-೨. ಎರಡು ಮನೆಗೆ ಸರಿಹೋಗುತ್ತದೆ.
ಮೂರನೆಯದರಲ್ಲಿ ಒತ್ತು ನಿಲ್ಲುವುದಿಲ್ಲ, ತಿಳಿದೇ ಬಿಟ್ಟಿದ್ದೇನೆ.
ಅಲ್ಲಿ ಸದ್ಯಕ್ಕೆ ಪೆನ್ನು.
ಮುಬೀನಾ, ಶಿಡ್ಲಘಟ್ಟ.