ನಾಲ್ಕನೇ ಸಾಲು

ಸಿಂಧನೂರು, ಕುಷ್ಟಗಿ ರಸ್ತೆ. ನನ್ನ ಝೆರಾಕ್ಸ್ ಅಂಗಡಿಯ ಮುಂದೆ
ಶಾಲೆಯ ಹರಾಜಿನಲ್ಲಿ ಕೊಂಡ ಕರಿಹಲಗೆ.
ಎಡಮೂಲೆಯಲ್ಲಿ ಯಾವುದೋ ವರ್ಷದ ಹಾಜರಿ ಸಂಖ್ಯೆ, ಇನ್ನೂ ಅಳಿದಿಲ್ಲ.
ಮೊದಲ ಸಾಲು: ಸೋನಾಮಸೂರಿ, ಎಪ್ಪತ್ತೈದು ಕೇಜಿ ಚೀಲಕ್ಕೆ ಇಷ್ಟು.
ಎರಡನೆಯದು: ರಾಯಚೂರು ಪೇಟೆಯಲ್ಲಿ ಹತ್ತಿ.
ಮೂರನೆಯದು: ಎಡದಂಡೆ ಕಾಲುವೆಗೆ ಇವತ್ತು ಎಷ್ಟು ನೀರು.
ನಾಲ್ಕನೆಯದು ಯಾರೂ ಕೇಳಿದ್ದಲ್ಲ.
ಸೀಮೆಸುಣ್ಣ ಉಳಿದಿತ್ತು, ಬರೆದೆ:
"ಕೊನೆಯ ಹೊಲಕ್ಕೆ ನೀರಿಗಿಂತ ಮೊದಲು
ನೀರಿನ ಸುದ್ದಿ ತಲುಪುತ್ತದೆ."

ಓದುಗರನ್ನು ಎಣಿಸುವುದು ಹೇಗೆ?
ನಿಂತವರೆಲ್ಲ ಓದುಗರಲ್ಲ. ನೆರಳಿಗೆ ನಿಂತವರು, ಬಸ್ಸಿಗೆ ನಿಂತವರು,
ಸಾಲ ಕೊಟ್ಟವನ ಕಣ್ಣು ತಪ್ಪಿಸಿ ನಿಂತವರು.
ನನ್ನ ಲೆಕ್ಕ ಬೇರೆ:
ಬೈಕು ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ,
ಎಂಜಿನ್ನು ಬಂದ್ ಮಾಡಿದವನೇ ಓದುಗ.
ಪೆಟ್ರೋಲಿನ ರೇಟಿಗೆ ಅಂಜಿ ಅನ್ನುತ್ತೀರಿ ನೀವು. ಇರಲಿ.
ಮೊದಲ ವಾರ ಇಬ್ಬರು.
ಒಬ್ಬ ನನ್ನ ಷಡ್ಡಕ.

ಗೌರಿ ಹುಣ್ಣಿಮೆ ಹೊತ್ತಿಗೆ ಇಪ್ಪತ್ತೊಂದು.
"ತೂಕದ ಕಲ್ಲಿಗೂ ಒಮ್ಮೆ
ಎದುರಿನ ತಟ್ಟೆಯಲ್ಲಿ ಕೂರುವ ಆಸೆ"
ಎಂದು ಬರೆದ ದಿನ ಒಂದು ಟಾಟಾ ಏಸ್ ಕೂಡ ಬಂದ್ ಆಯಿತು.
ಒಗ್ಗರಣಿ ಮಾರುವ ಚಾಂದಬೀ ತನ್ನ ಬಂಡಿಯನ್ನು
ನೂಕಿಕೊಂಡು ಬಂದು ಹಲಗೆಯ ಪಕ್ಕಕ್ಕೆ ಕಲ್ಲು ಕೊಟ್ಟಳು.
"ನಿನ್ನ ಓದೋ ಮಂದಿಗೆ ಹಸಿವಾಗ್ತದ, ಯಂಕೋಬ."
ಹನ್ನೊಂದಕ್ಕೇ ಅವಳ ಮಿರ್ಚಿ ಖಾಲಿ.
ನನಗೊಂದು ಪ್ಲೇಟು ಪುಕ್ಕಟೆ. ಅದೇ ಮೊದಲ ಸಂಪಾದನೆ,
ಎಣ್ಣೆ ಅಂಟಿದ ಪೇಪರಿನಲ್ಲಿ.

ಆಮೇಲೆ ಬಂದ ಕ್ಯಾಂಪಿನ ವೀರ್ರಾಜು, ಕೀಟನಾಶಕದ ಏಜೆಂಟು.
"ಜನ ಎಲ್ಲಿ ನಿಲ್ತಾರೋ ಅಲ್ಲಿ ರೊಕ್ಕ ನಿಲ್ತದ."
ತಿಂಗಳಿಗೆ ಎರಡು ಸಾವಿರ, ಒಂದು ಸಾಲಿಗೆ.
ಮಷೀನಿನ ಡ್ರಮ್ಮು ಹೋಗಿತ್ತು. ಹ್ಞೂಂ ಅಂದೆ.
ಅವನ ಹಿಂದೆ ಸೀರೆ ಅಂಗಡಿ, ಪೊಲೀಸ್ ಪರೀಕ್ಷೆಯ ಕೋಚಿಂಗು,
ಶಸ್ತ್ರಚಿಕಿತ್ಸೆ ಇಲ್ಲದೆ ಮೂಲವ್ಯಾಧಿ.
ನಾಲ್ಕನೇ ಸಾಲು ಕೆಳಗೆ ಕೆಳಗೆ ಸರಿದು
ಚೌಕಟ್ಟಿಗೆ ತಗುಲಿ ಇರುವೆ ಸಾಲಾಯಿತು.
ಅದರಲ್ಲೂ ನಗಿಸುವ ಪ್ರಾಸ, ಒಂದಿಷ್ಟು ಗಂಡ ಹೆಂಡತಿ ಜೋಕು.
ಡ್ರಮ್ಮು ಬಂತು. ಮಗಳ ಫೀಸು ಕಟ್ಟಿದೆ.
ಸುಳ್ಳು ಯಾಕೆ, ರೊಕ್ಕದ ವಾಸನೆ ಚಲೋ ಇತ್ತು.
ಮಂದಿ ನಿಲ್ಲುತ್ತಿದ್ದರು, ಮೊದಲಿಗಿಂತ ಹೆಚ್ಚೇ.
ಎಲ್ಲ ಎಂಜಿನ್ನುಗಳೂ ಗುರುಗುರು.

ಹುಸೇನಪ್ಪ ಅಕ್ಕಿ ಗಿರಣಿಯ ಹಮಾಲಿ. ಅಕ್ಷರ ಬಾರದು.
ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು "ಓದು" ಅನ್ನುತ್ತಾನೆ.
ಆವತ್ತು ಪೂರ್ತಿ ಓದಿದೆ, ಸೋನಾಮಸೂರಿಯಿಂದ ಮೂಲವ್ಯಾಧಿತನಕ.
ಹೆಗಲ ಮೇಲಿನ ತೌಡು ಕೊಡವಿಕೊಂಡ.
"ಇದೆಲ್ಲ ಅವರು ಬರಸಿದ್ದು. ನೀ ಬರದದ್ದು ಓದು."
ಓದಿದೆ.
"ಇದೂ ಅವರದೇ ಅದ," ಅಂದ.

ಈಗ ಹೀಗೆ: ಬೆಳಗಿನ ಐದೂವರೆ, ತೊಳೆದ ಹಲಗೆ,
ಒಂದೇ ಸಾಲು, ಗೇಣುದ್ದದ ಅಕ್ಷರ.
ಹಮಾಲರು, ಹಾಲಿನವರು, ಮಸ್ಕಿ ಬಸ್ಸಿನ ಕಂಡಕ್ಟರು,
ಕಸಬರಿಗೆಯ ಹಿಡಿಗೆ ಗದ್ದ ಊರಿ ಅಂಬಮ್ಮ.
ಒಟ್ಟು ಹನ್ನೊಂದು ಮಂದಿ. ಹೆಚ್ಚಿನವರಿಗೆ ಬಂದ್ ಮಾಡಲು ಎಂಜಿನ್ನೇ ಇಲ್ಲ.
ಎಂಟಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ
ವೀರ್ರಾಜುವಿನ ಔಷಧ ಬರೆಯುತ್ತೇನೆ, ದುಂಡಗೆ, ಮೋಸವಿಲ್ಲದೆ.

ಮೊನ್ನೆ ಹುಸೇನಪ್ಪ ಹತ್ತರ ನೋಟೊಂದು ಇಟ್ಟ,
ಎಲೆಚೀಲದ ಸುಣ್ಣ ಮೆತ್ತಿತ್ತು ಅದಕ್ಕೆ.
"ಇದ್ಯಾಕ?"
"ಸೀಮೆಸುಣ್ಣಕ್ಕ."
ನನ್ನ ಲೆಕ್ಕದ ಪುಸ್ತಕದಲ್ಲಿ ಎರಡೇ ಖಾನೆ:
ಝೆರಾಕ್ಸು, ಜಾಹೀರಾತು.
ಮೂರನೆಯದಕ್ಕೆ ಗೆರೆ ಎಳೆದು ಕೂತಿದ್ದೇನೆ.
ತಲೆಬರಹ ಹೊಳೆದಿಲ್ಲ.